ಇಡಿಟಿಎ ಯಾವಾಗಲೂ ಹೆಕ್ಸಾಡೆಂಟೇಟೇನಾ?

ಪ್ರಶ್ನೆ:
ಇಡಿಟಿಎ ಒಂದು ಲಿಗ್ಯಾಂಡ್, ಅಂದರೆ ಲೋಹಕ್ಕೆ ಕಟ್ಟಿಕೊಳ್ಳುವ ಅಣು. ಅದರಲ್ಲಿ ಕಟ್ಟಿಕೊಳ್ಳೋಕೆ ಎರಡು ನೈಟ್ರೋಜನ್, ನಾಲ್ಕು ಕಾರ್ಬಾಕ್ಸಿಲೇಟ್ ಆಕ್ಸಿಜನ್. ಹಾಗಾಗಿ ಡೆಂಟಿಸಿಟಿ (ಲೋಹವನ್ನು ಹಿಡಿಯುವ ಕಡೆಗಳ ಸಂಖ್ಯೆ) ಆರು, ಅಂದರೆ ಹೆಕ್ಸಾಡೆಂಟೇಟ್, ಅಂತ ಪಾಠದಲ್ಲಿದೆ. ಆದರೆ ಆಮ್ಲೀಯ ದ್ರಾವಣದಿಂದ ಬರುವ ನಿಕಲ್ ಹರಳಿನಲ್ಲಿ ಲೋಹಕ್ಕೆ ಒಂದು ನೀರಿನ ಅಣುವೂ ಕೂತಿದೆ, ಕೋಆರ್ಡಿನೇಶನ್ ಸಂಖ್ಯೆ (ಲೋಹಕ್ಕೆ ಕಟ್ಟಿಕೊಂಡ ಒಟ್ಟು ಪರಮಾಣುಗಳು) ಮಾತ್ರ ಆರೇ. ಇಲ್ಲಿ ಡೆಂಟಿಸಿಟಿ ಐದಾ? ಐದಾದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಳೆಯಲು ಇಡಿಟಿಎ ಹಾಕುವ ಗಡಸು ನೀರಿನ ಟೈಟ್ರೇಶನ್‌ನಲ್ಲಿ 1:1 ಲೆಕ್ಕ ತಪ್ಪಲ್ವಾ?

ಉತ್ತರ 1:
ಹೌದು, ಅಲ್ಲಿ ಐದೇ. ಒಂದು ಅಸೆಟೇಟ್ ತೋಳು ಪ್ರೋಟಾನ್ ಹಿಡಿದುಕೊಂಡು ಹೊರಗೇ ಉಳಿದಿದೆ, ಆ ಜಾಗಕ್ಕೆ ನೀರು ಬಂದಿದೆ. ಲಿಗ್ಯಾಂಡ್ ಕೈಯಲ್ಲಿ ಎಷ್ಟು ದಾನಿ ಪರಮಾಣು ಇವೆ ಅನ್ನೋದಲ್ಲ, ಒಂದೇ ಲೋಹಕ್ಕೆ ಎಷ್ಟು ಕಟ್ಟಿಕೊಂಡಿವೆ ಅನ್ನೋದೇ ಡೆಂಟಿಸಿಟಿ. ಹೈಡ್ರಜೀನ್ ನೋಡಿ: ನೈಟ್ರೋಜನ್ ಎರಡು, ಆದರೆ ಎರಡೂ ಒಂದೇ ಲೋಹ ಹಿಡಿದರೆ ಮೂರು ಪರಮಾಣುಗಳ ಬಿಗಿ ಉಂಗುರ ಆಗುತ್ತೆ. ಹಾಗಾಗಿ ಅದು ಸಾಮಾನ್ಯವಾಗಿ ಒಂದೇ ಕೊನೆಯಿಂದ ಹಿಡಿಯುತ್ತೆ, ಇಲ್ಲವೇ ಎರಡು ಲೋಹಗಳ ನಡುವೆ ಸೇತುವೆಯಾಗುತ್ತೆ. ಎಥಿಲೀನ್‌ಡೈಅಮೀನ್ ಕೊಡೋದು ಐದರ ಉಂಗುರ, ಅದಕ್ಕೇ ಅಷ್ಟು ಭದ್ರ.

1:1 ತಪ್ಪಲ್ಲ. ದಾನಿ ಪರಮಾಣು ಐದು ಕಟ್ಟಲಿ, ಆರು ಕಟ್ಟಲಿ, ಒಂದು ಲೋಹಕ್ಕೆ ಒಂದೇ ಇಡಿಟಿಎ.

ಉತ್ತರ 2:
ಒಂದು ಎಚ್ಚರಿಕೆ. ನೀರು ಕಂಡ ಕೂಡಲೇ ಐದು ಅಂತ ಬರೆಯಬೇಡಿ. ಫೆರಿಕ್ ಕಬ್ಬಿಣದ ಸಂಕೀರ್ಣದಲ್ಲಿ ಇಡಿಟಿಎ ಆರೂ ಕಡೆ ಹಿಡಿದಿರುತ್ತೆ, ನೀರು ಏಳನೆಯದು. ಹರಳಿನ ರಚನೆ ನೋಡಿಯೇ ಹೇಳಬೇಕು.

ಉತ್ತರ 3:
ಟೈಟ್ರೇಶನ್‌ನಲ್ಲಿ ಕೈಕೊಡೋದು ಪಿಎಚ್. ಕ್ಯಾಲ್ಸಿಯಂ–ಇಡಿಟಿಎ ಕಟ್ಟು ಎಷ್ಟು ಭದ್ರ ಅಂತ ಹೇಳುವ ಲಾಗ್ ಕೆ ಸುಮಾರು 10.7. ಆದರೆ ಪಿಎಚ್ 5ರಲ್ಲಿ ಇಡಿಟಿಎ ಬಹುಪಾಲು ಪ್ರೋಟಾನ್ ಹೊತ್ತೇ ಇರುತ್ತೆ, ಹಾಗಾಗಿ ಲಾಗ್ ಕೆ ನಾಲ್ಕರ ಆಸುಪಾಸಿಗೆ ಇಳಿಯುತ್ತೆ. ಬಣ್ಣ ತಿರುಗುವ ಎಂಡ್ ಪಾಯಿಂಟ್ ಸಿಗೋದಿಲ್ಲ. ಅದಕ್ಕೇ ಅಮೋನಿಯಾ–ಅಮೋನಿಯಂ ಕ್ಲೋರೈಡ್ ಬಫರ್, ಪಿಎಚ್ 10. 12 ದಾಟಿಸಿದರೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಆಗಿ ಕೆಳಗೆ ಕೂರುತ್ತೆ, ಕ್ಯಾಲ್ಸಿಯಂ ಮಾತ್ರ ಲೆಕ್ಕಕ್ಕೆ ಸಿಗುತ್ತೆ.

ಡೈಸೋಡಿಯಂ ಇಡಿಟಿಎ ಡೈಹೈಡ್ರೇಟ್ 3.723 ಗ್ರಾಂ ಒಂದು ಲೀಟರಿಗೆ, ಅಂದರೆ 0.01 ಮೋಲಾರ್. 50 ಮಿಲೀ ನೀರು ತಗೊಂಡರೆ ಬ್ಯೂರೆಟ್ ಓದನ್ನು 20ರಿಂದ ಗುಣಿಸಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟ್ ಅಂತ ಬರುತ್ತೆ. ಬಫರ್ ಹಾಕಿ ಐದು ನಿಮಿಷದೊಳಗೆ ಮುಗಿಸಿ, ತಡವಾದರೆ ಕ್ಯಾಲ್ಸಿಯಂ ಕಾರ್ಬೋನೇಟ್ ಆಗಿ ಕೆಳಗೆ ಕೂತು ಓದು ಕಡಿಮೆಯಾಗುತ್ತೆ. ಕೆಂಪಿನಿಂದ ನೀಲಿಗೆ ತಿರುಗೋದು ಎಳೆದಾಡಿದರೆ ನೀರಿನಲ್ಲಿ ಮೆಗ್ನೀಸಿಯಂ ಕಡಿಮೆ ಇದೆ: ಬಣ್ಣ ತೋರಿಸುವ ಸೂಚಕ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಕ್ಯಾಲ್ಸಿಯಂ ಜೊತೆ ಸಡಿಲವಾಗಿ ಕಟ್ಟುತ್ತೆ. ಬಫರಿಗೆ ಚೂರು ಮೆಗ್ನೀಸಿಯಂ–ಇಡಿಟಿಎ ಸೇರಿಸಿ. ನೀಲಿ ಬರಲೇ ಇಲ್ಲವೆಂದರೆ ತಾಮ್ರವೋ ಕಬ್ಬಿಣವೋ ಸೂಚಕವನ್ನು ಹಿಡಿದಿಟ್ಟಿದೆಯಾ ನೋಡಿ.