ಹೊರಾಕ್ಸ್ 1639ರಲ್ಲಿ ಕಂಡ ಶುಕ್ರ ಸಂಕ್ರಮಣ: 6 ಇಂಚಿನ ಸೂರ್ಯಬಿಂಬವನ್ನು ಶಾಲೆಯಲ್ಲಿ ಮೂಡಿಸುವುದು ಹೇಗೆ?

ಗದಗ_ವಿಜ್ಞಾನ_ಶಿಕ್ಷಕಿ ಕೇಳಿದ್ದು:

ನಮಸ್ಕಾರ. ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ನಮ್ಮ ಹೈಸ್ಕೂಲಿನ ಒಂಬತ್ತನೇ ತರಗತಿಯವರು ಜೆರೆಮಿಯಾ ಹೊರಾಕ್ಸ್ ಬಗ್ಗೆ ಪ್ರಾತ್ಯಕ್ಷಿಕೆ ಮಾಡಲಿದ್ದಾರೆ. 1639ರಲ್ಲಿ ಶುಕ್ರ ಸಂಕ್ರಮಣವನ್ನು, ಅಂದರೆ ಶುಕ್ರ ಗ್ರಹ ಕಪ್ಪು ಚುಕ್ಕೆಯಾಗಿ ಸೂರ್ಯನ ಮುಂದೆ ಹಾಯುವುದನ್ನು, ಕಾಗದದ ಮೇಲೆ ಬೀಳಿಸಿ ನೋಡಿದ ಇಂಗ್ಲಿಷ್ ಖಗೋಳಜ್ಞ ಅವನು. ಗೆಲಿಲಿಯೋ, ನ್ಯೂಟನ್ ಪ್ರತಿ ವರ್ಷ ಇರುತ್ತಾರೆ. ಅವರಿಬ್ಬರ ನಡುವಿನ ಈ ಹುಡುಗನ ಹೆಸರು ಪಠ್ಯದಲ್ಲೇ ಇಲ್ಲ. ಶಾಲೆಯಲ್ಲಿ 60 ಮಿ.ಮೀ. ದೂರದರ್ಶಕ ಇದೆ. ಸಂಗಮದೂರ 700 ಮಿ.ಮೀ., ಐಪೀಸುಗಳು (ಕಣ್ಣಿಡುವ ಮಸೂರಗಳು) 20 ಮತ್ತು 10 ಮಿ.ಮೀ.

1. ಹೊರಾಕ್ಸ್ ಮಾಡಿದಂತೆ ಕಾಗದದ ಮೇಲೆ 6 ಇಂಚಿನ ಸೂರ್ಯನನ್ನು ಬೀಳಿಸಲು ಕಾಗದ ಎಷ್ಟು ದೂರ ಇರಬೇಕು?
2. ಮಕ್ಕಳು ದೂರದರ್ಶಕದ ಮುಂದಿನ ಗಾಜಿಗೆ ಕಪ್ಪು ಕಾಗದದ ಚುಕ್ಕೆ ಅಂಟಿಸಿ ಶುಕ್ರನನ್ನು ತೋರಿಸಲು ನೋಡಿದರು. ಏನೂ ಕಾಣಲಿಲ್ಲ. ಯಾಕೆ?
3. "ಶುಕ್ರ ಸಂಕ್ರಮಣದಿಂದ ಸೂರ್ಯನ ದೂರ ಅಳೆದ" ಎಂದು ಪೋಸ್ಟರಿನಲ್ಲಿ ಬರೆಯಬಹುದೇ?

ಧಾರವಾಡ_ಆಕಾಶವೀಕ್ಷಕ ಉತ್ತರ:

ಅಕ್ಕೋರೆ, ಮೊದಲು ಸುರಕ್ಷತೆ. ಐಪೀಸಿಗೆ ಯಾರೂ ಕಣ್ಣಿಡಬಾರದು. ಪಕ್ಕದ ಸಣ್ಣ ಫೈಂಡರ್ ದೂರದರ್ಶಕವನ್ನು ಬಿಚ್ಚಿಡಿ, ಇಲ್ಲವೇ ಮುಚ್ಚಳ ಹಾಕಿ ಟೇಪ್ ಸುತ್ತಿ. ಹೆಚ್ಚಿನ ಅಪಾಯ ಇರುವುದು ಅಲ್ಲೇ, ಏಕೆಂದರೆ ಅದರ ನೆನಪು ಯಾರಿಗೂ ಇರುವುದಿಲ್ಲ. ಒಬ್ಬ ಶಿಕ್ಷಕರು ಕೊನೆಯವರೆಗೂ ಉಪಕರಣದ ಬಳಿಯೇ ನಿಂತಿರಬೇಕು.

ದೂರದ ಲೆಕ್ಕ ಹೀಗೆ. ಸಂಗಮದೂರವನ್ನು 107ರಿಂದ ಭಾಗಿಸಿದರೆ ದೂರದರ್ಶಕದ ಒಳಗೆ ಮೂಡುವ ಸೂರ್ಯಬಿಂಬದ ವ್ಯಾಸ ಸಿಗುತ್ತದೆ. ನಿಮ್ಮದರಲ್ಲಿ 700/107, ಅಂದರೆ ಸುಮಾರು 6.5 ಮಿ.ಮೀ. ಅದು 150 ಮಿ.ಮೀ. ಆಗಲು 23 ಪಟ್ಟು ಹಿಗ್ಗಬೇಕು. ಆ 23ಕ್ಕೆ 1 ಕೂಡಿಸಿ ಐಪೀಸಿನ 20ರಿಂದ ಗುಣಿಸಿ: 480 ಮಿ.ಮೀ. ಐಪೀಸಿನಿಂದ 48 ಸೆಂ.ಮೀ. ಹಿಂದೆ ಕಾಗದ ಹಿಡಿದರೆ ಹೊರಾಕ್ಸನ ಅಳತೆ ಬಂತು. 10 ಮಿ.ಮೀ. ಐಪೀಸಿಗೆ 24 ಸೆಂ.ಮೀ. ಸಾಕು, ಆದರೆ ಅಷ್ಟು ಹತ್ತಿರದಲ್ಲಿ ಮಕ್ಕಳ ತಲೆಗಳೇ ಅಡ್ಡ ಬರುತ್ತವೆ. 20ರದ್ದೇ ಇರಲಿ.

ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಡಯಾಗೊನಲ್ ಕನ್ನಡಿ ತೆಗೆದು ಐಪೀಸನ್ನು ನೇರವಾಗಿ ಹಾಕಿ. ಕನ್ನಡಿ ಇದ್ದರೆ ಬಿಂಬ ಎಡಬಲ ತಿರುವುತ್ತದೆ, ಅದರ ಪ್ಲಾಸ್ಟಿಕ್ ಮೈ ಬಿಸಿಯಾಗುತ್ತದೆ. 40 ಸೆಂ.ಮೀ. ಚೌಕದ ರಟ್ಟಿನ ನಡುವೆ ತೂತು ಕೊರೆದು ಕೊಳವೆಯ ಮುಂಭಾಗಕ್ಕೆ ತೂರಿಸಿ. ಅದರ ನೆರಳು ಕಾಗದದ ಮೇಲೆ ಬಿದ್ದರೆ ಮಾತ್ರ ಬಿಂಬ ಎದ್ದು ಕಾಣುತ್ತದೆ. ಸೂರ್ಯನತ್ತ ಗುರಿ ಹಿಡಿಯಲು ಕೊಳವೆಯ ನೆರಳನ್ನು ನೋಡಿ, ನೆರಳು ಅತಿ ಚಿಕ್ಕದಾದಾಗ ಕೊಳವೆ ಸೂರ್ಯನ ನೇರಕ್ಕಿರುತ್ತದೆ. ನಂತರ ಫೋಕಸನ್ನು ಸುಮಾರು 1 ಮಿ.ಮೀ. ಹೊರಕ್ಕೆ ಎಳೆಯಿರಿ. ಕಣ್ಣಿಗೆ ಸರಿಯಿದ್ದ ಫೋಕಸ್ ಕಾಗದಕ್ಕೆ ಸರಿಹೋಗದು.

ಬಿಂಬ ನಿಲ್ಲುವುದಿಲ್ಲ ಎಂಬ ದೂರು ಬಂದೇ ಬರುತ್ತದೆ. ಭೂಮಿಯ ಆವರ್ತನೆಯಿಂದ ಸೂರ್ಯ ತನ್ನ ವ್ಯಾಸದಷ್ಟು ದೂರವನ್ನು ಸುಮಾರು 2 ನಿಮಿಷ 8 ಸೆಕೆಂಡಿನಲ್ಲಿ ದಾಟುತ್ತಾನೆ. ನಿಮ್ಮ ಕಾಗದದ ಮೇಲೆ ಅದು ನಿಮಿಷಕ್ಕೆ 7 ಸೆಂ.ಮೀ. ಜಾರಿಕೆ. ಒಬ್ಬರು ಕೊಳವೆ ಸರಿಸುತ್ತಿರಲಿ, ಇನ್ನೊಬ್ಬರು ಗುರುತು ಹಾಕಲಿ. ಬಿಂಬ ಜಾರುವ ದಿಕ್ಕೇ ಪಶ್ಚಿಮ, ಅದನ್ನೂ ಕಾಗದದ ಮೇಲೆ ಬರೆಸಿ.

ಫೆಬ್ರವರಿ ಕೊನೆಗೆ ಗದಗಿನಲ್ಲಿ ನಡುಮಧ್ಯಾಹ್ನದ ಸೂರ್ಯ 66 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ ಕಾಗದ ಕೊಳವೆಯ ಬುಡದಲ್ಲಿ, ನೆಲದ ಹತ್ತಿರ ಬರುತ್ತದೆ. ಬೆಳಗ್ಗೆ 8.30ರಿಂದ 10ರೊಳಗೆ ಮುಗಿಸುವುದು ಒಳ್ಳೆಯದು.

ರಾಣೆಬೆನ್ನೂರು_ಲೆನ್ಸ್ ಉತ್ತರ:

ಎರಡನೇ ಪ್ರಶ್ನೆಗೆ ಹೇಳ್ತೀನ್ರಿ. ಮುಂದಿನ ಗಾಜಿನ ಒಂದೊಂದು ಭಾಗವೂ ಇಡೀ ಸೂರ್ಯನ ಬಿಂಬ ಮೂಡಿಸತೈತಿ. ಅಲ್ಲಿ ಚುಕ್ಕೆ ಅಂಟಿಸಿದ್ರ ಬೆಳಕು ಸ್ವಲ್ಪ ಕಡಿಮಿ ಆಗತದ, ಚುಕ್ಕೆ ಕಾಣಂಗಿಲ್ಲ. ಬಿಂಬ ಮೂಡೋ ಜಾಗದಾಗ ಇದ್ದದ್ದು ಮಾತ್ರ ಕಾಣೂದು. ಐಪೀಸಿನ ಒಳಗ ಅಂಟಿಸೂಣು ಅಂದ್ರ ಚುಕ್ಕೆ 0.2 ಮಿ.ಮೀ. ಇರಬೇಕಾಗತದ, ಕೈಲೆ ಆಗೂ ಕೆಲಸ ಅಲ್ಲ. ಕಾಗದದ ಮ್ಯಾಲೇ ಅಂಟಿಸ್ರಿ.

ಇನ್ನೊಂದು ಮಾತು. ಬಿಂಬದಾಗ ಕಪ್ಪು ಚುಕ್ಕೆ ಕಂಡ್ರ ಐಪೀಸನ್ನ ಮೆಲ್ಲಗ ತಿರುಗಿಸ್ರಿ. ಚುಕ್ಕೆನೂ ಸುತ್ತ ತಿರುಗಿದ್ರ ಅದು ಧೂಳು. ಕೊಳವಿ ಅಲ್ಲಾಡಿಸಿದಾಗ ಸೂರ್ಯನ ಜೋಡಿನೇ ಸರಿದ್ರ ಅದು ಸೌರಕಲೆ. ಐಪೀಸಿನ ಮಸೂರ ಒಂದಕ್ಕೊಂದು ಅಂಟಿಸಿದ್ದಾಗಿದ್ರ ಭಾಳ ಹೊತ್ತಿನ ಬಿಸಿಗೆ ಆ ಅಂಟು ಕೆಡತದ. ನಡುನಡುವ ಮುಂದಿನ ಮುಚ್ಚಳ ಹಾಕಿ ಆರಾಕ ಬಿಡ್ರಿ.

ಹುಬ್ಬಳ್ಳಿ_ಗಣಿತ ಉತ್ತರ:

ಮೂರನೇ ಪ್ರಶ್ನೆ ಮುಖ್ಯ. ಹಾಗೆ ಬರೆಯಬೇಡಿ. ಸಂಕ್ರಮಣದ ಕಾಲಾವಧಿಯನ್ನು ಬೇರೆ ಬೇರೆ ಊರುಗಳಿಂದ ಅಳೆದು ಸೂರ್ಯನ ದೂರ ತೆಗೆಯುವ ವಿಧಾನವನ್ನು ಖಗೋಳಜ್ಞ ಹ್ಯಾಲಿ 1716ರಲ್ಲಿ ವಿವರಿಸಿದ. ಅದು ಬಳಕೆಗೆ ಬಂದದ್ದು 1761 ಮತ್ತು 1769ರ ಸಂಕ್ರಮಣಗಳಲ್ಲಿ.

ಹೊರಾಕ್ಸ್ ಅಳೆದದ್ದು ಶುಕ್ರನ ಗಾತ್ರವನ್ನು. 6 ಇಂಚಿನ ವೃತ್ತದ ವ್ಯಾಸವನ್ನು 30 ಭಾಗ ಮಾಡಿ, ಪ್ರತಿ ಭಾಗವನ್ನು ಮತ್ತೆ 4 ಮಾಡಿ ಒಟ್ಟು 120 ಗೆರೆ ಎಳೆದುಕೊಂಡಿದ್ದ. ನಿಮ್ಮ 150 ಮಿ.ಮೀ. ವೃತ್ತದಲ್ಲಿ ಒಂದು ಭಾಗ 5 ಮಿ.ಮೀ. ಆಗುತ್ತದೆ. ಅವನಿಗೆ ಶುಕ್ರ ಕಂಡದ್ದು ಹೆಚ್ಚೆಂದರೆ 1.2 ಭಾಗ, ಅಂದರೆ 6 ಮಿ.ಮೀ. ಕೋನದಲ್ಲಿ 76 ಸೆಕೆಂಡ್ (ಒಂದು ಡಿಗ್ರಿಗೆ 60 ಕೋನನಿಮಿಷ, ಒಂದು ಕೋನನಿಮಿಷಕ್ಕೆ 60 ಸೆಕೆಂಡ್). ನಿಜವಾದ ಗಾತ್ರ ಸುಮಾರು 63 ಸೆಕೆಂಡ್, ಅದು 4.9 ಮಿ.ಮೀ. ವ್ಯತ್ಯಾಸ 1 ಮಿ.ಮೀ. ಚಿಲ್ಲರೆ. ಚುಕ್ಕೆಯ ಎರಡೂ ಅಂಚಿನಲ್ಲಿ ಅರ್ಧರ್ಧ ಮಿ.ಮೀ. ಮಸುಕು ಸೇರಿದರೆ ಅಷ್ಟಾಗುತ್ತದೆ. ಅದೂ ಮುಳುಗಲು ಅರ್ಧ ಗಂಟೆ ಉಳಿದಿದ್ದ, ದಿಗಂತಕ್ಕಿಳಿದ ಸೂರ್ಯನ ಮೇಲೆ! ಹಿಂದಿನವರು ಶುಕ್ರನನ್ನು ಇದರ ಹಲವು ಪಟ್ಟು ದೊಡ್ಡದೆಂದು ಎಣಿಸಿದ್ದರು. ಈ ಒಂದು ಅಳತೆಗಾಗಿಯೇ ಅವನಿಗೆ ಒಂದು ಇಡೀ ಪೋಸ್ಟರ್ ಸಲ್ಲಬೇಕು.

ದೂರ ಬಂದದ್ದು ಊಹೆಯಿಂದ. ಸಂಕ್ರಮಣದ ದಿನ ಶುಕ್ರ ನಮ್ಮಿಂದ ಸುಮಾರು 0.265 ಖಗೋಳಮಾನ (ಭೂಮಿ-ಸೂರ್ಯರ ದೂರ 1 ಎಂದರೆ), ಸೂರ್ಯನಿಂದ 0.72. ಹಾಗಾಗಿ ಸೂರ್ಯನಿಂದ ನೋಡಿದರೆ ಶುಕ್ರ 76 × 0.265 / 0.72 = 28 ಸೆಕೆಂಡ್. ಭೂಮಿಯೂ ಸೂರ್ಯನಿಂದ ಅಷ್ಟೇ ಕಂಡೀತು ಎಂದು ಹೊರಾಕ್ಸ್ ಭಾವಿಸಿದ. ಅದರ ಅರ್ಧ, 14 ಸೆಕೆಂಡ್, ಸೌರ ಲಂಬನ, ಅಂದರೆ ಸೂರ್ಯನಿಂದ ಭೂಮಿಯ ತ್ರಿಜ್ಯ ಕಾಣುವ ಕೋನ. 206265 ಅನ್ನು (ಒಂದು ರೇಡಿಯನ್ ಕೋನದಲ್ಲಿರುವ ಸೆಕೆಂಡುಗಳು) 14ರಿಂದ ಭಾಗಿಸಿ: ಸೂರ್ಯ ಸುಮಾರು 15000 ಭೂತ್ರಿಜ್ಯಗಳಾಚೆ, ಅಂದರೆ 9.5 ಕೋಟಿ ಕಿ.ಮೀ. ನಿಜ 15 ಕೋಟಿ. ಗ್ರಹಗಳೆಲ್ಲ ಸೂರ್ಯನಿಂದ ಒಂದೇ ಗಾತ್ರ ಕಾಣುತ್ತವೆ ಎಂಬ ಆಧಾರ ತಪ್ಪು. ಆದರೂ ಅಂದಿನವರೆಗಿನ ಅಂದಾಜುಗಳಿಗಿಂತ ಇದೇ ಸತ್ಯಕ್ಕೆ ಬಹಳ ಹತ್ತಿರ. ಮಕ್ಕಳು ಈ ಲೆಕ್ಕವನ್ನು ಮಾಡಿ ತೋರಿಸಲಿ, ಅಳತೆ ಎಲ್ಲಿ ಮುಗಿಯಿತು, ಊಹೆ ಎಲ್ಲಿ ಶುರುವಾಯಿತು ಎಂದು ಬೇರೆ ಬಣ್ಣದಲ್ಲಿ ಬರೆಯಲಿ.

ಕೆಪ್ಲರ್ 1631ರ ಸಂಕ್ರಮಣ ಹೇಳಿ, ಮುಂದಿನದು 1761 ಎಂದಿದ್ದ. ಲಾನ್ಸ್‌ಬರ್ಗನ ಗ್ರಹಸ್ಥಾನ ಕೋಷ್ಟಕದ ಪ್ರಕಾರ ಶುಕ್ರ 1639ರಲ್ಲಿ ಸೂರ್ಯನ ಮೇಲ್ಭಾಗದಲ್ಲಿ ಹಾಯಬೇಕಿತ್ತು. ಹೊರಾಕ್ಸ್ ಎರಡನ್ನೂ ತನ್ನ ವೀಕ್ಷಣೆಗಳೊಂದಿಗೆ ತಾಳೆ ಹಾಕಿ, ಕೆಳಭಾಗದಲ್ಲಿ ಹಾಯುತ್ತದೆ ಎಂದು ಒಂದು ತಿಂಗಳು ಮೊದಲೇ ಗೆಳೆಯ ಕ್ರ್ಯಾಬ್‌ಟ್ರೀಗೆ ಬರೆದ. 1631ರ ನಂತರ 8 ವರ್ಷಕ್ಕೇ ಮತ್ತೆ ಬಂದ ಗುಟ್ಟು ಇದು: ಶುಕ್ರ ಮತ್ತೆ ಭೂಮಿ-ಸೂರ್ಯರ ನಡುವಿನ ಅದೇ ಸಾಲಿಗೆ ಬರಲು 583.92 ದಿನ. ಅದರ ಐದು ಪಟ್ಟು 2919.6, 8 ವರ್ಷಕ್ಕಿಂತ ಸುಮಾರು 2.4 ದಿನ ಕಡಿಮೆ. ಅಷ್ಟರಲ್ಲಿ ದಾರಿ ಸುಮಾರು 20 ಕೋನನಿಮಿಷ ಸರಿಯುತ್ತದೆ. ಸೂರ್ಯನ ಅಗಲ 32 ಆದ್ದರಿಂದ ಎರಡು ಸಲ ಹಾಯಬಹುದು, ಮೂರನೆಯದು ತಪ್ಪುತ್ತದೆ.

ಪೋಸ್ಟರಿನ ತಪ್ಪುಗಳ ಬಗ್ಗೆಯೂ ಎಚ್ಚರ. ಸಂಕ್ರಮಣದ ದಿನವೆಂದು ಹೇಳುವ 1639ರ ನವೆಂಬರ್ 24 ಹಳೆಯ ಜೂಲಿಯನ್ ದಿನಾಂಕ, ಈಗಿನ ಪಂಚಾಂಗದಲ್ಲಿ ಡಿಸೆಂಬರ್ 4. ಅಂತರ್ಜಾಲದಲ್ಲಿ ಸಿಗುವ ಅವನ ಚಿತ್ರಗಳೆಲ್ಲ ನಂತರದವರ ಕಲ್ಪನೆ. 1641ರ ಜನವರಿ 3ರಂದು ತೀರಿಕೊಂಡಾಗ ವಯಸ್ಸು 22. ಸಂಕ್ರಮಣದ ಬರಹ ಅಚ್ಚಾದದ್ದು 1662ರಲ್ಲಿ, ಖಗೋಳಜ್ಞ ಹೆವೆಲಿಯಸ್ ಕೈಯಿಂದ. ಚಂದ್ರನ ಚಲನೆಯ ಬಗ್ಗೆ ಅವನು ಮಾಡಿದ ಕೆಲಸವನ್ನು ನ್ಯೂಟನ್ ಹೆಸರು ಹೇಳಿಯೇ ಬಳಸಿಕೊಂಡ.

ಗದಗ_ವಿಜ್ಞಾನ_ಶಿಕ್ಷಕಿ:

ತುಂಬಾ ಉಪಕಾರವಾಯಿತು. ಹಾಗಾದರೆ ಕಾಗದದ ಮೇಲೆ ಶುಕ್ರನನ್ನು ಎಲ್ಲಿ ಅಂಟಿಸಬೇಕು?

ಹುಬ್ಬಳ್ಳಿ_ಗಣಿತ:

ಹೊರಾಕ್ಸ್ ಮೂರು ಸ್ಥಾನ ಬರೆದಿಟ್ಟಿದ್ದಾನೆ. ವೃತ್ತದ ಕೇಂದ್ರದಿಂದ ಮಧ್ಯಾಹ್ನ 3.15 ಗಂಟೆಗೆ 14.4 ಭಾಗ, 3.35 ಗಂಟೆಗೆ 13.5, 3.45 ಗಂಟೆಗೆ 13. ನಿಮ್ಮ ವೃತ್ತದಲ್ಲಿ 72, 67.5, 65 ಮಿ.ಮೀ. ಆಫೀಸಿನ ಪೇಪರ್ ಪಂಚಿನ ಚುಕ್ಕೆ ಸುಮಾರು 6 ಮಿ.ಮೀ., ಕಪ್ಪು ಕಾಗದದಲ್ಲಿ ಮೂರು ಹೊಡೆದು ಅಂಟಿಸಿ. ಮೊದಲನೆಯದು ಅಂಚನ್ನು ಒಳಗಿನಿಂದ ಸರಿಯಾಗಿ ಮುಟ್ಟಿದರೆ ನಿಮ್ಮ ಗೆರೆಗಳು ಸರಿ ಇವೆ.

ಧಾರವಾಡ_ಆಕಾಶವೀಕ್ಷಕ:

ಶುಕ್ರ ಇನ್ನು 2117ಕ್ಕೇ. ಆದರೆ 2032ರ ನವೆಂಬರ್ 13ರ ಮಧ್ಯಾಹ್ನ ಬುಧ ಸಂಕ್ರಮಣ ನಮ್ಮ ಕಡೆ ಕಾಣುತ್ತದೆ. ಬುಧ ಬರೀ 10 ಸೆಕೆಂಡ್, 6 ಇಂಚಿನ ವೃತ್ತದಲ್ಲಿ ಮುಕ್ಕಾಲು ಮಿ.ಮೀ. ಆಗ ಕಾಗದವನ್ನು 94 ಸೆಂ.ಮೀ.ಗೆ ಸರಿಸಿ ಬಿಂಬವನ್ನು 30 ಸೆಂ.ಮೀ. ಮಾಡಿ. ಬೆಳಕು ಕಾಲು ಭಾಗಕ್ಕೆ ಇಳಿಯುವುದರಿಂದ ಬಯಲಲ್ಲಿ ಬೇಡ, ಕಿಟಕಿ ಮುಚ್ಚಿದ ಕೋಣೆಯೇ ಆಗಬೇಕು.