ಮಂಗಳೂರಿನ ಸೆಕೆಯಲ್ಲಿ ಓಡುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಬೆಂಗಳೂರಿನಲ್ಲಿ ದಿನಾ ಆರು ಕಿಲೋಮೀಟರ್ ಓಡುತ್ತಿದ್ದೆ. ಏಪ್ರಿಲ್‌ನಲ್ಲಿ ವರ್ಗವಾಗಿ ಮಂಗಳೂರಿಗೆ ಬಂದೆ. ಇಲ್ಲಿ ಬೆಳಿಗ್ಗೆ ಆರಕ್ಕೇ ಹೊರಟರೂ ಎರಡು ಕಿಲೋಮೀಟರ್‌ಗೆ ತಲೆ ಸುತ್ತುತ್ತದೆ. ಆಗ ಬಿಸಿಲೇ ಇರುವುದಿಲ್ಲ. ಮತ್ತೆ ಯಾಕೆ ಹೀಗೆ? ಓಟ ಬಿಡಲು ಮನಸ್ಸಿಲ್ಲ.

ಉತ್ತರ 1: ನಾನೂ ಘಟ್ಟದ ಮೇಲಿನವನೇ, ಹಾಸನದ ಕಡೆಯವನು. ಬಿಸಿಲು ತಪ್ಪಿಸಿದರೆ ಸಾಕು ಅಂತ ನಾನೂ ಅಂದುಕೊಂಡಿದ್ದೆ. ಆದರೆ ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು? ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ, ಬೆಳಗಿನ ಜಾವ ಇನ್ನೂ ಜಾಸ್ತಿ. ಬೆವರು ಆರುವುದೇ ಇಲ್ಲ, ಸುಮ್ನೆ ಸುರಿದುಹೋಗುತ್ತದೆ. ಮೈಯ ಕಾವು ಒಳಗೇ ಉಳಿಯುತ್ತದೆ.

ಸದ್ಯಕ್ಕೆ ಬೆಂಗಳೂರಿನ ವೇಗ ಮರೆತುಬಿಡಿ. ನಾನು ಮೊದಲ ವಾರ 20 ನಿಮಿಷ ಬಿರುಸಾಗಿ ನಡೆದೆ, ನಡುನಡುವೆ ಎರಡೆರಡು ನಿಮಿಷ ಓಟ. ಓಡುವಾಗ ಪಕ್ಕದವರ ಜೊತೆ ಮಾತಾಡಲು ಆಗಬೇಕು. ಏದುಸಿರು ಬಂದರೆ ನಡಿಗೆಗೆ ಇಳಿಯಿರಿ. ಮೈ ಹೊಂದಿಕೊಳ್ಳಲು 10ರಿಂದ 14 ದಿನ ಬೇಕು. ಇನ್ನೊಂದು ಮಾತು, ರಜೆಗೆ ಊರಿಗೆ ಹೋಗಿ ಕೆಲವು ವಾರ ಇದ್ದು ಬಂದರೆ ಆ ರೂಢಿ ತಪ್ಪುತ್ತದೆ. ಮತ್ತೆ ನಿಧಾನಕ್ಕೇ ಶುರು ಮಾಡಬೇಕು. ಇದು ಗೊತ್ತಿಲ್ಲದೆ ನಾನು ತುಂಬಾ ಒದ್ದಾಡಿದ್ದೆ.

ಉತ್ತರ 2: ಓಟದ ಮೊದಲು, ಆಮೇಲೆ ತೂಕ ನೋಡಿಕೊಳ್ಳಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಬೆವರು ಹೋಗಿದೆ ಅಂತ ಅರ್ಥ. ಜೊತೆಗೆ ಉಪ್ಪೂ ಹೋಗಿರುತ್ತದೆ, ಹಾಗಾಗಿ ಬರೀ ನೀರನ್ನೇ ಗಟಗಟ ಕುಡಿಯಬೇಡಿ. ನಮ್ಮನೆಯಲ್ಲಿ ಉಪ್ಪು ಹಾಕಿದ ಗಂಜಿ ತಿಳಿ ಕುಡಿಯುತ್ತೇವೆ. ಮಜ್ಜಿಗೆಯೂ ಆಗುತ್ತದೆ. ಬೊಂಡ (ಎಳನೀರು) ಒಳ್ಳೆಯದೇ, ಆದರೆ ಬೆವರಿನಲ್ಲಿ ಹೋದಷ್ಟು ಉಪ್ಪು ಅದರಲ್ಲಿಲ್ಲ. ಬಿಪಿ ಮಾತ್ರೆ ತಗೊಳ್ಳುವವರಾದರೆ ಉಪ್ಪಿನ ವಿಷಯ ಡಾಕ್ಟರ ಹತ್ತಿರ ಕೇಳಿ.

ಉತ್ತರ 3: ತಲೆ ಸುತ್ತಿದರೆ ಅವತ್ತಿಗೆ ಓಟ ಮುಗಿಯಿತು ಮಾರಾಯ್ರೆ, ದಯವಿಟ್ಟು ಮುಂದುವರಿಸಬೇಡಿ. ಪಣಂಬೂರಿನಲ್ಲಿ ಒಮ್ಮೆ ನಮ್ಮ ಜೊತೆಗಿದ್ದವರು ಹಾಗೇ ಓಡಿದರು. ಸ್ವಲ್ಪ ಹೊತ್ತಿಗೆ ಮಾತು ತೊದಲಿತು, ತಾನು ಎಲ್ಲಿದ್ದೇನೆ ಅಂತಲೇ ಗೊತ್ತಾಗಲಿಲ್ಲ. 108ಕ್ಕೆ ಫೋನ್ ಮಾಡಿ, ನೆರಳಿಗೆ ಮಲಗಿಸಿ, ಅಂಗಿ ತೆಗೆದು, ಮೈಮೇಲೆ ನೀರು ಸುರಿಯುತ್ತಾ ಗಾಳಿ ಬೀಸಿದೆವು. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಅವರು ಉಳಿದರು. ಇವತ್ತಿಗೂ ನನಗೆ ಆ ಸಂಜೆ ಮರೆತಿಲ್ಲ.

ನಿಮ್ಮ ಮನೆ ಕದ್ರಿ ಕಡೆಯಾದರೆ ಪಾರ್ಕಿಗೆ ಬನ್ನಿ. ನಾವು ನಾಲ್ಕೈದು ಜನ ಆರಕ್ಕೆ ಇರುತ್ತೇವೆ. ಮೊದಲ ಎರಡು ವಾರ ನಿಮ್ಮ ಜೊತೆ ನಾನೂ ನಡೆಯುತ್ತೇನೆ.