ರಾಗಿ ಲೆಕ್ಕಕ್ಕುಂಟು, ಮುದ್ದೆ ಲೆಕ್ಕಕ್ಕಿಲ್ಲ

ಮಾಕ್ ಟೆಸ್ಟ್ ಮುಗಿಸಿಕೊಂಡು ನಾವು ನಾಲ್ವರು ಕುಕ್ಕರಹಳ್ಳಿ ಕೆರೆ ಹತ್ತಿರದ ಟೀ ಅಂಗಡಿಗೆ ಬಂದಾಗ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಎಲ್ಲರ ಹೊಟ್ಟೆ ಉರಿಸಿದ್ದು ಒಂದೇ ಪ್ರಶ್ನೆ. ಇವುಗಳಲ್ಲಿ ಯಾವುವು ಜಿಡಿಪಿ, ಅಂದರೆ ದೇಶದೊಳಗೆ ಒಂದು ವರ್ಷದಲ್ಲಿ ತಯಾರಾದ ವಸ್ತು, ಸೇವೆಗಳ ಒಟ್ಟು ಮೌಲ್ಯದ ಲೆಕ್ಕಕ್ಕೆ ಸೇರುತ್ತವೆ? ಒಂದು, ರೈತ ಬೆಳೆದು ಮನೆಗೇ ಇಟ್ಟುಕೊಂಡ ರಾಗಿ. ಎರಡು, ಆ ರಾಗಿಯಿಂದ ಮನೆಯಲ್ಲೇ ಮಾಡಿದ ಮುದ್ದೆ. ಮೂರು, ಸ್ವಂತ ಮನೆಯಲ್ಲಿ ಇರುವವರ ಬಾಡಿಗೆ. ನಾಲ್ಕು, ಗೃಹಲಕ್ಷ್ಮಿ ಹಣ.

ನಮ್ಮ ಗುಂಪಿನಲ್ಲಿ ಊರೇ ಹೆಸರು. ನಾಗಮಂಗಲ, ಪಾಂಡವಪುರ, ಹುಣಸೂರು ಮತ್ತು ಕೆ.ಆರ್. ನಗರದ ನಾನು. ಹುಣಸೂರು ಒಮ್ಮೆ ಪ್ರಿಲಿಮ್ಸ್ ಪಾಸಾದವಳು. ಹಾಗಾಗಿ ಅವಳು ಹೇಳಿದ್ದೇ ಕಾನೂನು. ಉಳಿದ ಮೂವರ ಅನುಭವ ಪ್ರಿಲಿಮ್ಸ್ ಫೀಸು ಕಟ್ಟುವುದರಲ್ಲಿ ಮಾತ್ರ ಜಾಸ್ತಿ.

"ಉತ್ತರ ಒಂದು ಮತ್ತು ಮೂರು," ಎಂದಳು ಹುಣಸೂರು, ಬ್ಯಾಗು ಕೆಳಗಿಡುವ ಮೊದಲೇ.

ನಾಗಮಂಗಲನಿಗೆ ತಡೆಯಲಾಗಲಿಲ್ಲ. "ರಾಗಿ ಸೇರುತ್ತೆ, ಮುದ್ದೆ ಸೇರಲ್ಲ ಅಂದ್ರೆ ಏನರ್ಥ? ರಾಗಿಯನ್ನ ಕೋಳಿ ಥರ ಹೆಕ್ಕಿ ತಿನ್ನಬೇಕಾ? ನಮ್ಮವ್ವ ಬೆಳಿಗ್ಗೆ ಎದ್ದು ತೊಳಸುತ್ತಾಳಲ್ಲ, ಅದು ದುಡಿಮೆ ಅಲ್ವಾ?"

"ದುಡಿಮೆ ಹೌದು. ಜಿಡಿಪಿ ಅಲ್ಲ. ರಾಗಿ ವಸ್ತು. ಮನೆಗೆ ಅಂತ ಬೆಳೆದರೂ ನಾಳೆ ಮನಸ್ಸು ಬದಲಾದರೆ ಸಂತೆಗೆ ಹಾಕಬಹುದು. ಅದಕ್ಕೆ ಪೇಟೆ ಬೆಲೆ ಕಟ್ಟಿ ಲೆಕ್ಕಕ್ಕೆ ಸೇರಿಸುತ್ತಾರೆ. ಅಡುಗೆ ಅಂದ್ರೆ, ಮನೆಯವರು ಮನೆಯವರಿಗೇ ಮಾಡುವ ಸೇವೆ. ಮಾಡಿದ ಗಳಿಗೆಯಲ್ಲೇ ಮುಗಿದುಹೋಗುತ್ತೆ. ಸಂಬಳ ಇಲ್ಲ, ಬೆಲೆ ಇಲ್ಲ."

"ಬೆಲೆ ಇಲ್ಲ ಅಂದ್ರೆ? ಮಿಲಿಟರಿ ಹೋಟೆಲಿನಲ್ಲಿ ಮುದ್ದೆಗೆ ದುಡ್ಡು ತಗೊಳ್ಳಲ್ವಾ?"

"ಅದು ಸೇರುತ್ತೆ."

"ಅದೇ ಮುದ್ದೆ!"

"ಅದೇ ಮುದ್ದೆ. ಆದರೆ ಬಿಲ್ ಇದೆ."

ನಾಗಮಂಗಲ ಸ್ವಲ್ಪ ಹೊತ್ತು ಯೋಚಿಸಿದ. ಅವನ ಯೋಚನೆ ಯಾವಾಗಲೂ ಗಡಿ ಸರ್ವೆಯವರ ಥರ, ಕಲ್ಲು ನೆಡದೆ ಬಿಡುವುದಿಲ್ಲ. "ಸರಿ, ರಾಗಿ ಬೀಸಿ ಹಿಟ್ಟು ಮಾಡಿಕೊಂಡರೆ?"

"ಅದೂ ಸೇರುತ್ತೆ. ಒಕ್ಕುವುದು, ಬೀಸುವುದು, ಎಲ್ಲಾ ವಸ್ತು ತಯಾರಿಕೆಯೇ. ಹಿಟ್ಟಾಗುವ ತನಕ ಲೆಕ್ಕ."

"ಅಂದ್ರೆ ಎಸರಿಗೆ ಹಾಕಿದ ಕೂಡಲೇ ಜಿಡಿಪಿಯಿಂದ ಬಿದ್ದುಹೋಗುತ್ತೆ!"

ಹೌದು, ಅಷ್ಟೇ. ಮೂರು ವರ್ಷದಿಂದ 'ಉತ್ಪಾದನೆಯ ಎಲ್ಲೆ' ಅಂತ ನೋಟ್ಸ್‌ನಲ್ಲಿ ಬರೆದುಕೊಂಡು, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು, ಒಂದು ದಿನವೂ ಅರ್ಥವಾಗದೆ ಓಡಾಡಿದವನು ನಾನು. ಆ ಎಲ್ಲೆ ನಾಗಮಂಗಲದ ಒಂದು ಒಲೆಯ ಮೇಲೆ, ಕುದಿಯುವ ಎಸರಿನ ಪಾತ್ರೆಯ ಬಾಯಲ್ಲಿ ಇದೆ ಅಂತ ಅವತ್ತು ಗೊತ್ತಾಯಿತು. ಹಿಟ್ಟು ಆಚೆ, ಮುದ್ದೆ ಈಚೆ. ಅಮ್ಮಂದಿರೆಲ್ಲ ಈಚೆ.

"ಇದಕ್ಕೆ ಇನ್ನೊಂದು ಕಾರಣ ಕೊಡುತ್ತಾರೆ," ಎಂದಳು ಹುಣಸೂರು. "ಅಡುಗೆ, ಕಸ, ಮಗು ನೋಡಿಕೊಳ್ಳುವುದು ಎಲ್ಲವನ್ನೂ ಉತ್ಪಾದನೆ ಅಂದುಬಿಟ್ಟರೆ ದೇಶದಲ್ಲಿ ನಿರುದ್ಯೋಗಿಯೇ ಸಿಗಲ್ಲ. ಎಲ್ಲರೂ ಏನೋ ಒಂದು ಮಾಡುತ್ತಲೇ ಇರುತ್ತಾರೆ."

"ನಾವಿದ್ದೀವಲ್ಲ," ಎಂದ ಪಾಂಡವಪುರ.

ಟೀ ಬಂತು. ಹುಣಸೂರು ಮೊಬೈಲಿನಲ್ಲಿ ತನ್ನ ನೋಟ್ಸ್ ತೆಗೆದಳು. 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ.

"88 ಜಾಸ್ತಿ ಆಯ್ತು," ಎಂದ ಪಾಂಡವಪುರ. "ಸರ್ವೆಯವರು ನಮ್ಮಪ್ಪನ ಮನೆಗೆ ಬಂದಿಲ್ಲ."

"ಬಂದರೂ ಅಷ್ಟೇ. ಇದು ಮನೆಗೆಲಸ ಮಾಡಿದವರದ್ದು ಮಾತ್ರ ಸರಾಸರಿ. ಮಾಡದವರನ್ನ ಹಿಡಿದೇ ಇಲ್ಲ."

"ಹಂಗಾದ್ರೆ ನಮ್ಮಪ್ಪ ದೇಶದ ಮಾನ ಉಳಿಸಿದ್ದಾನೆ ಕಣ್ಲಾ!"

ಬಾಡಿಗೆಯ ಮಾತಿಗೆ ಬಂದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಸ್ವಂತ ಮನೆಯವರು ತಮಗೆ ತಾವೇ ಬಾಡಿಗೆ ಕೊಟ್ಟುಕೊಂಡ ಹಾಗೆ ಭಾವಿಸಿ ಆ ಮೊತ್ತವನ್ನು ಜಿಡಿಪಿಗೆ ಸೇರಿಸುತ್ತಾರೆ. ನಾನು ನಿಜವಾಗಿಯೂ ಪ್ರತಿ ತಿಂಗಳು ಕೊಟ್ಟು, ವರ್ಷಕ್ಕೊಮ್ಮೆ ಏರಿಸಿಕೊಂಡು, ಗೋಡೆಗೆ ಮೊಳೆ ಹೊಡೆದರೆ ಬೈಸಿಕೊಂಡು ಇರುವವನು. ನನ್ನ ರೂಮಿನ ಓನರ್ ತನಗೆ ತಾನೇ ಬಾಡಿಗೆ ಕೊಡುವಾಗ ಅಡ್ವಾನ್ಸ್ ಯಾರ ಹತ್ತಿರ ಇಟ್ಟಿದ್ದಾರೆ? ಮೊಳೆ ಹೊಡೆದರೆ ಯಾರು ಬೈಯುತ್ತಾರೆ? ಹುಣಸೂರು ತಾಳ್ಮೆಯಿಂದ ಹೇಳಿದಳು: ಹಾಗೆ ಸೇರಿಸದಿದ್ದರೆ, ಬಾಡಿಗೆ ಮನೆಯವರೆಲ್ಲ ಸ್ವಂತ ಮನೆ ಮಾಡಿಕೊಂಡ ವರ್ಷ ದೇಶದ ಆದಾಯ ಕುಸಿದ ಹಾಗೆ ಕಾಣುತ್ತದೆ. ಸರಿ ಅನ್ನಿಸಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

ಗೃಹಲಕ್ಷ್ಮಿಯಲ್ಲಿ ಜಗಳ ಬೇಗ ಮುಗಿಯಿತು. 2023ರ ಆಗಸ್ಟ್ 30ರಂದು ಆ ಯೋಜನೆ ಶುರುವಾಗಿದ್ದೇ ನಮ್ಮ ಮೈಸೂರಿನಲ್ಲಿ. ತಿಂಗಳಿಗೆ 2,000 ರೂಪಾಯಿ. ಏನನ್ನೂ ತಯಾರಿಸಿದ್ದಕ್ಕೆ ಕೊಡುವ ದುಡ್ಡಲ್ಲ, ಸರ್ಕಾರದ ಖಾತೆಯಿಂದ ಮನೆಯೊಡತಿಯ ಖಾತೆಗೆ ಬರುವ ವರ್ಗಾವಣೆ. ಹಾಗಾಗಿ ನೇರವಾಗಿ ಸೇರುವುದಿಲ್ಲ. ಆಕೆ ಆ ದುಡ್ಡಲ್ಲಿ ಮಿಕ್ಸಿ ಕೊಂಡರೆ ಮಿಕ್ಸಿ ಸೇರುತ್ತದೆ. ಆ ಮಿಕ್ಸಿಯಲ್ಲಿ ಚಟ್ನಿ ರುಬ್ಬಿದರೆ ಮತ್ತೆ ಲೆಕ್ಕಕ್ಕಿಲ್ಲ. ನಾನು ಹೋದ ವಾರ ಹಳೇ ಗೈಡುಗಳನ್ನು ಜೂನಿಯರ್ ಒಬ್ಬನಿಗೆ ಮಾರಿದ್ದೂ ಲೆಕ್ಕಕ್ಕಿಲ್ಲ. ಅವು ಪ್ರಿಂಟಾದ ವರ್ಷವೇ ಎಣಿಸಿ ಆಗಿದೆ. ಪಾಪ, ಅವನಿಗೆ ಅದರಿಂದ ಏನೂ ಪ್ರಯೋಜನವಿಲ್ಲ ಅನ್ನುವುದು ಬೇರೆ ವಿಷಯ.

"ನಮ್ಮ ಕಬ್ಬು ಹೇಳು," ಎಂದ ಪಾಂಡವಪುರ.

ಹುಣಸೂರು ಟೇಬಲ್ ಮೇಲೆ ಚೆಲ್ಲಿದ ಟೀಯಲ್ಲೇ ಬೆರಳದ್ದಿ ಬರೆದಳು. ಕಬ್ಬು 100 ರೂಪಾಯಿ. ಅದರಿಂದ ಸಕ್ಕರೆ 160. ಅದರಿಂದ ಮೈಸೂರ್ ಪಾಕ್ 500.

"ತುಪ್ಪ ಎಲ್ಲಿ? ಕಡಲೆಹಿಟ್ಟು?" ನಾಗಮಂಗಲ ಸುಮ್ಮನಿರಲಿಲ್ಲ.

"ಅದನ್ನ ಅವರತ್ತೆ ಮನೆಯಿಂದ ತಂದರು. ಸುಮ್ನಿರು. ಮೂರನ್ನೂ ಕೂಡಿಸಿ 760 ಅಂದರೆ ತಪ್ಪು, ಕಬ್ಬನ್ನ ಮೂರು ಸಲ ಎಣಿಸಿದ ಹಾಗೆ. ಕೊನೆಯ 500 ಮಾತ್ರ ಹಿಡಿಯಬೇಕು. ಇಲ್ಲವೇ ಒಬ್ಬೊಬ್ಬರು ಸೇರಿಸಿದ ಮೌಲ್ಯ ಕೂಡಿಸು. 100, 60, 340."

"ನಮ್ಮಪ್ಪನ 100?"

"ಆ 500ರ ಒಳಗೇ ಇದೆ."

"ಒಳಗಿರೋದು ಗೊತ್ತು. ಕೈಗೆ ಬಂದಿಲ್ಲವಲ್ಲ."

ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಪಾಂಡವಪುರನಿಗೆ ಇದು ಬಾಯಿಪಾಠ. ಅವರಪ್ಪನಿಗೆ ಇನ್ನೂ ಚೆನ್ನಾಗಿ ಬಾಯಿಪಾಠ. ಬಡ್ಡಿ ಲೆಕ್ಕ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾರಂತೆ. ಕ್ಯಾಲೆಂಡರ್ ಬದಲಾಗುತ್ತಿದೆ, ಅಷ್ಟೇ.

ಹುಣಸೂರು ತನ್ನ ಮನೆ ವಿಷಯ ತೆಗೆಯುವುದು ಅಪರೂಪ. ಅವತ್ತು ತೆಗೆದಳು. "ನಮ್ಮದು ಹೊಗೆಸೊಪ್ಪು. ಹರಾಜಾಗುತ್ತೆ, ಜಿಡಿಪಿಗೆ ಸೇರುತ್ತೆ. ಸಿಗರೇಟಾಗುತ್ತೆ, ಹೆಚ್ಚಾದ ಬೆಲೆಯೂ ಸೇರುತ್ತೆ. ಸೇದಿದವನು ಕೆಮ್ಮಿ ಎಕ್ಸ್‌ರೇ ತೆಗೆಸಿದರೆ ಅದೂ ಸೇರುತ್ತೆ. ಸೇದದೆ ಕೆರೆ ಸುತ್ತ ವಾಕ್ ಮಾಡಿದರೆ ಸೊನ್ನೆ."

ರಾಷ್ಟ್ರೀಯ ಆದಾಯದ ಲೆಕ್ಕ ಕಟ್ಟಿಕೊಟ್ಟ ಸೈಮನ್ ಕುಜ್ನೆಟ್ಸ್ 1934ರಲ್ಲೇ ಅಮೆರಿಕದ ಸಂಸತ್ತಿಗೆ ಎಚ್ಚರಿಕೆ ಕೊಟ್ಟಿದ್ದರು, ಈ ಅಂಕಿ ನೋಡಿ ಜನ ಸುಖವಾಗಿದ್ದಾರೋ ಇಲ್ಲವೋ ಹೇಳುವುದು ಕಷ್ಟ ಅಂತ. ಅದಕ್ಕೇ 1990ರಲ್ಲಿ ಮಾನವ ಅಭಿವೃದ್ಧಿ ಸೂಚ್ಯಂಕ ಬಂತು, ಆದಾಯದ ಜೊತೆ ಆಯಸ್ಸು, ಓದು ಎರಡನ್ನೂ ಹಿಡಿದು. ಅದರಲ್ಲೂ ಮುದ್ದೆಗೆ ಜಾಗವಿಲ್ಲ ಅಂತ ನಾಗಮಂಗಲ ತಕರಾರು ಬರೆಸಿದ.

ಅಷ್ಟರಲ್ಲಿ ಅಂಗಡಿ ಅಕ್ಕ ಟೀ ಇನ್ನು 12 ರೂಪಾಯಿ ಎಂದರು. ಹೋದ ವಾರ 10 ಇತ್ತು. ಲೋಟ ಎತ್ತಿ ನೋಡಿದೆ. ಅದೇ ಲೋಟ, ಅದೇ ಗೆರೆ. ಟೀ ಮಾತ್ರ ಮೇಲಿನ ಗೆರೆಯಿಂದ ಒಂದು ಬೆರಳು ಕೆಳಗೆ. "ನಾಮಮಾತ್ರ ಜಿಡಿಪಿ ಶೇ. 20 ಏರಿತು," ಎಂದ ಪಾಂಡವಪುರ. "ನೈಜ ಜಿಡಿಪಿ ಒಂದು ಬೆರಳು ಇಳಿಯಿತು. ಒಂದು ಬೆಲೆಯ ಲೆಕ್ಕ, ಇನ್ನೊಂದು ನಿಜವಾಗಿ ಸಿಕ್ಕ ಟೀಯ ಲೆಕ್ಕ." ಮೇಟಗಳ್ಳಿಯಲ್ಲಿ ನೋಟು ಪ್ರಿಂಟ್ ಮಾಡುವ ಪ್ರೆಸ್ಸೇ ಇರುವಾಗ ನಮಗೇಕೆ ಈ ಕಷ್ಟ ಎಂದು ನಾನು ಕೇಳಿದೆ. ಎಲ್ಲರಿಗೂ ಒಂದೊಂದು ಕಟ್ಟು ಹಂಚಿದರೂ ಹಾಲು ಅಷ್ಟೇ ಲೀಟರ್ ಇರುತ್ತದೆ, ಟೀ 120 ಆಗುತ್ತದೆ, ಲೋಟ ಇನ್ನೂ ತಳ ಕಾಣುತ್ತದೆ ಎಂದಳು ಹುಣಸೂರು.

ಎದ್ದೆವು. ಅಕ್ಕ ಬಾಕಿ ಪುಸ್ತಕ ತೆಗೆದರು. ಇವತ್ತಿನದು ಬಿಟ್ಟು 140 ರೂಪಾಯಿ.

ನಾಗಮಂಗಲ ಗಂಟಲು ಸರಿಮಾಡಿಕೊಂಡ. "ಅಕ್ಕಾ, ಆ ಟೀ ನಾವು ಕುಡಿದ ದಿನವೇ ಜಿಡಿಪಿಗೆ ಸೇರಿಬಿಟ್ಟಿದೆ. ಈಗ ದುಡ್ಡು ಕೊಟ್ಟರೆ ದೇಶಕ್ಕೆ ಒಂದು ಪೈಸೆ ಹೊಸದಾಗಿ ಸೇರಲ್ಲ."

ಹುಣಸೂರು ಕಡೆ ನೋಡಿದೆವು. ಅವಳು ತಲೆಯಾಡಿಸಿದಳು. ಅವನು ಹೇಳಿದ್ದು ನೂರಕ್ಕೆ ನೂರು ಸರಿ.

"ದೇಶಕ್ಕೆ ಸೇರದಿದ್ರೆ ಬೇಡ ಬಿಡಪ್ಪ," ಎಂದರು ಅಕ್ಕ, ದುಡ್ಡು ಹಾಕುವ ಬಿಸ್ಕತ್ತಿನ ಡಬ್ಬಿ ಅವನ ಮುಂದೆ ಇಟ್ಟು ಮುಚ್ಚಳ ತೆಗೆದು. "ಇದಕ್ಕೆ ಸೇರಿಸು."